ಲಾಂಡ್ರಿಗೆ ಸಿಹಿನೀರು ಬಂತು

ಅತ್ತಿಗೆಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಆದರೆ ತಲೆಯಿಂದ ಕಾಲಿನವರೆಗೂ ತೊಯ್ದು ತೊಪ್ಪೆಯಾಗಿದ್ದೇನೆ. ನಾನಿರುವ ಮನೆಯ ಯಜಮಾನಿ ಲಾಂಡ್ರಿ ನಡೆಸುವವರು. ಹತ್ತಿರದಲ್ಲಿ ಗ್ಯಾಸ್ ತೆಗೆಯಲು ನೆಲ ಕೊರೆದ ಮೇಲೆ ಅವರ ಬಾವಿ ಉಪ್ಪಾಗಿ, ಸೋಪಿಗೆ ನೊರೆಯೇ ಬಾರದೆ ಅಂಗಡಿಗೆ ಬೀಗ ಬಿದ್ದಿತ್ತು. "ಅದು ನೆಲದ ಉಪ್ಪು, ನಮ್ದಲ್ಲ" ಎಂದು ಕಂಪನಿಯವರು ಕೈತೊಳೆದುಕೊಂಡಿದ್ದರು.

ನಮ್ಮ ಲ್ಯಾಬಿನಲ್ಲಿ ಆ ನೀರಿನ ಸ್ಟ್ರಾನ್ಷಿಯಂ ಐಸೊಟೋಪ್‌ಗಳನ್ನು ಅಳೆದೆವು. ಅಂದರೆ ಒಂದೇ ಧಾತುವಿನ ಹಗುರ ಮತ್ತು ಭಾರದ ಪರಮಾಣುಗಳು. ನೀರು ಯಾವ ಬಂಡೆಯಿಂದ ಬಂತೋ ಅದಕ್ಕೆ ತಕ್ಕಂತೆ ಅವುಗಳ ಪ್ರಮಾಣ ಬೇರೆಯಾಗುತ್ತದೆ. ಬಾವಿಯ ಉಪ್ಪು ಅದರ ತಳದ ಬಂಡೆಗೆ ಹೊಂದಲೇ ಇಲ್ಲ. ಗ್ಯಾಸಿನ ಜೊತೆ ಆಳದಿಂದ ಮೇಲೆ ಬಂದ ಕೊಳಕುನೀರು ತುಂಬಿಸಿದ ಕಂಪನಿಯ ಹೊಂಡಕ್ಕೆ ಸರಿಯಾಗಿ ಹೊಂದಿತು.

ಊರ ಸಭೆಯಲ್ಲಿ ಅದನ್ನು ಹೇಳಿದೆ. ಕಂಪನಿಯ ಎಂಜಿನಿಯರ್ ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಇದು ನಮ್ದೇ ನೀರು, ಒಪ್ಕೋತೀವಿ" ಎಂದುಬಿಟ್ಟರು. ಹೊಂಡ ಖಾಲಿ ಮಾಡಿಸಿ, ಬೀದಿಗೆ ಸಿಹಿನೀರಿನ ಕೊಳಾಯಿ ಎಳೆಸಿದರು.

ಇವತ್ತು ನೀರು ಬಂತು. ಯಜಮಾನಿ ಪೈಪು ಹಿಡಿದು ನೇರ ನನ್ನ ಮೇಲೇ ಬಿಟ್ಟರು! "ಅಯ್ಯೋ, ಕನ್ನಡಕ!" ಎಂದರೆ, "ಅದನ್ನೂ ತೊಳ್ಕೊಡ್ತೀನಿ, ನಿಂತ್ಕೊಳ್ಳಪ್ಪ!" ಅನ್ನುತ್ತಾರೆ. ಬೀದಿಯವರೆಲ್ಲ ಬಕೆಟ್ ತಂದು ಸೇರಿಕೊಂಡರು.

ಎರಡು ಸೀನು ಬಂದಿವೆ, ಅಷ್ಟೇ. ಅಣ್ಣನಿಗೆ ಹೇಳಬೇಡಿ, ಔಷಧಿ ಅಂಗಡಿಯನ್ನೇ ಕಳಿಸಿಬಿಡುತ್ತಾನೆ. ಕೆಳಗೆ ಒಗೆದ ಹೊದಿಕೆಗಳು ಗುಡ್ಡೆ ಬಿದ್ದಿವೆ. ಹಿಂಡಲು ಇನ್ನೊಂದು ತುದಿ ನಾನೇ ಹಿಡಿಯಬೇಕಂತೆ, ಯಜಮಾನಿ ಕೂಗುತ್ತಿದ್ದಾರೆ. ಓಡಿದೆ.

ನಿಮ್ಮ ಮೈದುನ