ಕ್ರೇನಿನ ಕೆಳಗೆ ಹಾಡು

ಬಾಗಲಗುಂಟೆ, ಬೆಂಗಳೂರು
20 ಫೆಬ್ರವರಿ 2025

ಪ್ರೀತಿಯ ದುರ್ಗವ್ವಕ್ಕನಿಗೆ,

ಭಾಗ್ಯಶ್ರೀಯ ನಮಸ್ಕಾರಗಳು. ಸಂಕ್ರಾಂತಿಗೆ ನೀವು ಕಳಿಸಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಮುಟ್ಟಿದವು. ಮುಟ್ಟಿದವೆಂದು ಒಂದು ಸಾಲೂ ಬರೆಯಲಿಲ್ಲ, ಸಿಟ್ಟಾಗಬೇಡಿ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ಈ ಸಂಗತಿಯನ್ನು ಕೂಗಿ ಹೇಳುವ ಶಕ್ತಿ ನನಗಿಲ್ಲ. ಅದಕ್ಕೇ ಕಾಗದ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ತಮ್ಮನ ಮಗಳಿಗೆ, ನಮ್ಮ ಲಾವಣ್ಯಳಿಗೆ, ಸಂಬಂಧ ಕುದುರಿದೆ. ಹುಡುಗ ಸಿದ್ಧಾರ್ಥ್, ಅವಳ ಆಫೀಸಿನವನೇ. ತಾಯಿ ಮಹಾಲಕ್ಷ್ಮಿ ಇಲ್ಲಿಯ ಹಳೆಯ ಮನೆತನದವರು. ಗಂಟಲೂ ದೊಡ್ಡದು, ಮನಸ್ಸೂ ದೊಡ್ಡದು.

ಕಳೆದ ಭಾನುವಾರ ಮಧ್ಯಾಹ್ನ, ಮಾತುಕತೆಗೆಂದು ಸಿದ್ಧಾರ್ಥ್ ನಮ್ಮನ್ನು ಕಾರಿನಲ್ಲಿ ಪೀಣ್ಯದ ಒಂದು ಹೋಟೆಲಿಗೆ ಕರೆದುಕೊಂಡು ಹೋದ. ಬರೀ ಹೋಟೆಲಲ್ಲ ಅದು. ಅಲ್ಲೇ ದ್ರಾಕ್ಷಿ ಹಿಂಡಿ ವೈನ್ ಮಾಡುತ್ತಾರೆ, ಅಲ್ಲೇ ಊಟ ಬಡಿಸುತ್ತಾರೆ, ಅಲ್ಲೇ ವೇದಿಕೆ ಕಟ್ಟಿ ಹಾಡಿಸುತ್ತಾರೆ. ಗಾಜಿನಾಚೆ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕುಗಳು, ಹುಳಿ ಬಂದ ಹಣ್ಣಿನ ವಾಸನೆ. ಮಗಳ ಮದುವೆಯ ಮಾತನ್ನು ಇಂಥ ಕಡೆ ಆಡುತ್ತಾರೆಯೇ ಎಂದು ನನಗೆ ಮುಜುಗರ.

"ಕುಡಿಯೋದು ಬೇಕಾದೋರಿಗೆ ಬಿಡ್ರೀ, ನಮಗೆ ಜ್ಯೂಸು," ಎಂದು ಮಹಾಲಕ್ಷ್ಮಿಯವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಹಳೇ ಫ್ಯಾಕ್ಟರಿ ಕಣ್ರೀ ಇದು. ಹಂಗೇ ಉಳಿಸ್ಕೊಂಡವ್ರೆ. ಮೇಲೆ ನೋಡಿ, ಕ್ರೇನು ಸಮೇತ!"

ನೋಡಿದೆ.

ಅಕ್ಕ, ಬಾಗಿಲು ಬದಲಾಗಿತ್ತು, ನೆಲಕ್ಕೆ ಮರದ ಹಲಗೆ ಬಂದಿತ್ತು, ಹೊರಗಿನ ಹೆಸರೂ ಬೇರೆ. ಆ ರಸ್ತೆಗೆ ನಾನು ಮತ್ತೆ ಕಾಲಿಟ್ಟಿರಲೇ ಇಲ್ಲ. ಆದರೆ ಆ ಹಳದಿ ಕ್ರೇನನ್ನು ಮರೆಯುವುದುಂಟೇ? ಸರಪಳಿ ಹರಿದು ಕಬ್ಬಿಣದ ತೊಲೆ ನಿಮ್ಮ ತಮ್ಮನ ಮೇಲೆ ಬಿದ್ದ ದಿನ, ನನ್ನನ್ನು ಕರೆತಂದು ನಿಲ್ಲಿಸಿದ್ದು ಅದರ ಕೆಳಗೇ. ಲಾವಣ್ಯ ಆಗ ಸೊಂಟದ ಮೇಲಿನ ಕೂಸು. ಈಗ ಅದರ ಕೊಕ್ಕೆಗೆ ಬಣ್ಣದ ದೀಪ ಇಳಿಬಿಟ್ಟಿದ್ದರು. ಕೊಕ್ಕೆಯ ನೇರ ಕೆಳಗೆ ವೇದಿಕೆ. ಒಬ್ಬ ಹುಡುಗಿ ಗಿಟಾರ್ ಹಿಡಿದು, ಕಣ್ಣು ಮುಚ್ಚಿ ಹಾಡುತ್ತಿದ್ದಳು.

ಹೇಗೆ ಎದ್ದೆನೋ, ಮೇಜುಗಳ ನಡುವೆ ಹೇಗೆ ನಡೆದೆನೋ ಗೊತ್ತಿಲ್ಲ. ಆ ಹುಡುಗಿಯ ತೋಳು ಹಿಡಿದು ಎಳೆದೆ.

"ಅಲ್ಲಿ ಕೂಡಬ್ಯಾಡವ್ವ, ಏಳು! ಮ್ಯಾಲಿಂದ ಬೀಳ್ತದ!"

ಹಾಡು ನಿಂತಿತು. ಮೈಕಿನಲ್ಲಿ ನನ್ನ ದನಿ ಇಡೀ ಶೆಡ್ಡಿಗೆ ಕೇಳಿಸಿತಂತೆ. ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ಲಾವಣ್ಯ ಓಡಿಬಂದು, "ಅಮ್ಮಾ, ಏನಾಯ್ತಮ್ಮಾ?" ಎಂದು ಭುಜ ಅಲುಗಿಸಿದಳು.

"ನಿಮ್ಮಪ್ಪ ಹೋಗಿದ್ದು ಇಲ್ಲೇ," ಎಂದೆ. "ಇದ ಜಾಗಾ."

ಕಾರ್ಖಾನೆಯಲ್ಲಿ ಹೋದರೆಂದು ಅವಳಿಗೆ ಗೊತ್ತಿತ್ತು, ಯಾವುದೆಂದು ನಾನು ತೋರಿಸಿರಲಿಲ್ಲ. ಕಾಲ ಕೆಳಗಿನ ಹಲಗೆ ನೋಡಿ ಹಿಂದಕ್ಕೆ ಸರಿದಳು. ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಶುಭದ ಮಾತಿಗೆ ಬಂದವರ ಮುಂದೆ ಸಾವನ್ನು ಎತ್ತಿದ್ದೆನಲ್ಲ.

ಸಿದ್ಧಾರ್ಥ್ ಹಾಡುವವಳ ಕುರ್ಚಿ ಎತ್ತಿ ದೂರ ಗೋಡೆಯ ಬದಿಗೆ ಇಟ್ಟ. ಆ ಹುಡುಗಿ ಅಲ್ಲಿ ಹೋಗಿ ಕುಳಿತಳು, ಹಾಡಲಿಲ್ಲ. ಮಹಾಲಕ್ಷ್ಮಿಯವರು ಬಂದು ನನ್ನ ಕೈ ಹಿಡಿದರು.

"ಬನ್ರೀ, ಇಲ್ಲಿ ಅನ್ನ ಇಳಿಯಲ್ಲ. ನಿಮ್ಮನೇಲಿ ಒಂದಿಷ್ಟು ಉಪ್ಪಿಟ್ಟು ಮಾಡಿ, ಅಲ್ಲೇ ಮಾತಾಡಣ."

ಹಾಗೇ ಆಯಿತು. ನಮ್ಮ ಮನೆಯಲ್ಲಿ ಚಾಪೆಯ ಮೇಲೆ ಕುಳಿತು ಉಪ್ಪಿಟ್ಟು ತಿಂದರು, ವೈಶಾಖದಲ್ಲಿ ಮದುವೆ ಎಂದರು. ಸೋದರತ್ತೆ ನೀವೇ ಮುಂದೆ ನಿಂತು ಅರಿಷಿಣ ಹಚ್ಚಬೇಕು, ಮಂಡಿನೋವಿನ ನೆಪ ನಡೆಯುವುದಿಲ್ಲ. ಅಲ್ಲಿಯ ಮಕ್ಕಳೆಲ್ಲ ತಣ್ಣಗಿರಲಿ, ನಿಮ್ಮ ಹರಕೆ ಈ ಮನೆಯ ಮೇಲಿರಲಿ.

ನಿಮ್ಮ
ಭಾಗ್ಯಶ್ರೀ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ನಿಮ್ಮನ್ನು ಬಿಟ್ಟು ಯಾರಿಗೆ ಹೇಳಲಿ? ಆ ಹೋಟೆಲಿನಿಂದ ಹೊರಡುವಾಗ ಬಾಗಿಲ ಬಳಿಯ ಗೋಡೆಯಲ್ಲಿ ದೊಡ್ಡ ಫೋಟೋ ಇತ್ತು. ಹಳೆಯ ಕಾರ್ಖಾನೆಯ ಆಯುಧಪೂಜೆ, ಕೆಲಸಗಾರರೆಲ್ಲ ಸಾಲಾಗಿ ನಿಂತಿದ್ದಾರೆ. ಅಂದಕ್ಕೆಂದು ಹಾಕಿರಬೇಕು. ಒಂದೊಂದೇ ಮುಖ ನೋಡಿ ನಾನು ಮುಂದೆ ಹೋದೆ. ಹಿಂದಿನಿಂದ ಲಾವಣ್ಯ ಕರೆದಳು: "ಅಮ್ಮಾ, ಇದು ಅಪ್ಪ ಅಲ್ವಾ?"

ಅವರೇ. ಬಾಯಿ ತುಂಬ ನಗುತ್ತಿದ್ದರು. ಥೇಟ್ ಅವಳದೇ ನಗು. ಮನೆಯಲ್ಲಿರುವ ಫೋಟೋದಲ್ಲಿ ಬಿಗಿದ ಮುಖ, ಇಷ್ಟು ವರ್ಷ ನಾನು ನೋಡಿದ್ದು ಅದನ್ನೇ.

"ಅಪ್ಪ ಹಿಂಗ್ ನಗ್ತಿದ್ರಾ?" ಎಂದಳು.

ಹೂಂ ಎಂದೆ. ಅಕ್ಕ, ನನಗೆ ನೆನಪಿರಲಿಲ್ಲ. ಅಪ್ಪನನ್ನು ಕಂಡ ನೆನಪೇ ಇಲ್ಲದ ಮಗಳು ಗುರುತು ಹಿಡಿದಳು. ಜೊತೆಗೆ ಬಾಳಿದ ನಾನು ದಾಟಿಕೊಂಡು ಹೋಗಿದ್ದೆ.