ಮೆಕ್ಕೆಜೋಳಕ್ಕೆ ಬಿದ್ದ ಸುಣ್ಣ

ಲೋಧಿ ಕಾಲೋನಿ, ೧೨-೨-೨೦೦೬

ಅಕ್ಕನಿಗೆ ಗಿರಿಜೆಯ ನಮಸ್ಕಾರ.

ಕೆಟ್ಟ ಚಟವೆಂದು ಮಗಳು ಹಂಸಾ ನನ್ನ ಎಲೆಅಡಿಕೆ ಸಂಚಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಹಿಂದೆ ನನ್ನ ಕೆಂಪು ನಾಲಿಗೆ ನೋಡಿದ್ದ ಮಹಡಿ ಮೇಲಿನ ಮನೆಯ ಮೆಕ್ಸಿಕೋ ಹುಡುಗಿ ಹೋದ ತಿಂಗಳು ಬಂದು, "ಆಂಟೀಜಿ, ಥೋಡಾ ಚೂನಾ?" ಎಂದಳು. ಪಾಪ, ಇವಳಿಗೂ ಚಟವೆಂದುಕೊಂಡು ಬೀಗ ತೆಗೆಸಿ ಸುಣ್ಣ ಕೊಟ್ಟೆ. ಹಿಂದೆಯೇ ಹೋಗಿ ನೋಡಿದರೆ, ಅವಳು ಅದನ್ನು ತನ್ನ ಒಲೆಯ ಮೇಲೆ ಬೇಯುತ್ತಿದ್ದ ಮೆಕ್ಕೆಜೋಳಕ್ಕೆ ಸುರಿದುಬಿಟ್ಟಳು. ಮರುದಿನ ತೊಳೆದು, ರುಬ್ಬಿ, ರೊಟ್ಟಿ ತಟ್ಟಿ ಕೊಟ್ಟಳು, ಹೂವಿನಂತಿತ್ತು. ಅವರಲ್ಲಿ ಅಜ್ಜಿಯರ ಕಾಲದಿಂದಲೂ ಹೀಗೆಯೇ, ಮೂಳೆಗೂ ಒಳ್ಳೆಯದಂತೆ.

"ಅಚ್ಛಾ, ಕ್ಯಾಲ್ಸಿಯಂ" ಎಂದ ಹಂಸಾ ಈಗ ತಾನಾಗಿಯೇ ಪಾನ್ ಅಂಗಡಿಗೆ ಹೋಗಿ ಸುಣ್ಣ ತರುತ್ತಾಳೆ. ನನ್ನ ಮಂಡಿನೋವು ಹಾಗೆಯೇ ಇದೆ.

ಈ ಮನೆಯಲ್ಲಿ ಸುಣ್ಣಕ್ಕಂತೂ ಮರ್ಯಾದೆ ಬಂತು, ನನ್ನ ಸಂಚಿ ಮಾತ್ರ ಮತ್ತೆ ಬೀಗದೊಳಗೇ. ಅಡಿಕೆ ಹಾಕಿ ಮಾಡುವ ಅಡುಗೆ ಯಾವ ದೇಶದಲ್ಲಾದರೂ ಇದ್ದರೆ ಬೇಗ ಬರೆ.