ಹಗ್ಗದ ಮೇಲಿನ ಗಂಡಸು

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ

ಇವತ್ತೂ ಹಾಸಿಗೆಯ ಮೇಲೆ ಅಡ್ಡಡ್ಡ ಮಲಗಿ ಎದ್ದೆ. ತಲೆ ಒಂದು ಮೂಲೆ, ಕಾಲು ಇನ್ನೊಂದು ಮೂಲೆ. ಯಾರೂ ಬೈಯಲಿಲ್ಲ. ಯೆರ್ಬಾ ಸೊಪ್ಪಿಗೆ ಬಿಸಿನೀರು ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು ಕುಡಿಯುತ್ತಿದ್ದೇನೆ. ಮಗಳು ಮೈತೆ ಒಳಗೆ ಗೊರಕೆ ಹೊಡೆಯುತ್ತಿದ್ದಾಳೆ. ಎಂಟು ವರ್ಷದ ಹುಡುಗಿ, ಗೊರಕೆ ಮಾತ್ರ ಮುದುಕರದು.

ಈ ಮನೆಗೆ ಬಂದು ವರ್ಷವಾಗುತ್ತ ಬಂತು. ಒಂದು ಕೋಣೆ, ಒಂದು ಅಡುಗೆಮನೆ, ಬೀದಿಯ ಕಡೆಗೆ ಬಾಲ್ಕನಿ. ಬಾಡಿಗೆಯ ಬಹುಪಾಲು ವಸತಿ ಕಚೇರಿ ಕಟ್ಟುತ್ತದೆ. ಉಳಿದದ್ದು ಶಾಲೆಯ ಅಡುಗೆಮನೆಯಲ್ಲಿ ದುಡಿದು ನಾನು. ಗಂಡನ ಹೊಡೆತ ತಾಳದೆ ಹೊರಬಿದ್ದ ಹೆಂಗಸರಿಗೆಂದೇ ಇರುವ ನೆರವು. ವರ್ಷ ತುಂಬಿದಾಗ ಮನೆ ನೋಡಲು ಬರುತ್ತಾರೆ, ನೋಡಿ ಮುಂದುವರಿಸುತ್ತಾರೆ. ನಮ್ಮ ಸರದಿ ಏಪ್ರಿಲಿನಲ್ಲಿ. ಮುಖ್ಯ ನಿಯಮ ಒಂದೇ... ಗಂಡ ವಾಪಸ್ ಬಂದನೋ, ಕಚೇರಿಗೆ ತಿಳಿಸದೆ ಬೇರೆ ಗಂಡಸು ಮನೆ ಸೇರಿದನೋ, ನೆರವು ನಿಂತಿತು ಅಂತ ಲೆಕ್ಕ.

ನನಗೇನು ಚಿಂತೆ. ನನ್ನ ಗಂಡ ವಿಲ್ಮಾರ್ ದೂರದ ಫ್ರೇ ಬೆಂತೋಸಿನಲ್ಲಿ ಲಾರಿ ಓಡಿಸಿಕೊಂಡು ಇದ್ದಾನೆ. ಮೊಂತೆವಿದೆಯೊದಲ್ಲಿ ನಾವು ಯಾವ ಬೀದಿಯಲ್ಲಿದ್ದೇವೆ ಅನ್ನುವುದು ಅವನಿಗೆ ಗೊತ್ತಿಲ್ಲ. ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆದೇಶವೂ ಇದೆ.

ಹೊತ್ತಾಯಿತು. ಶಾಲೆಯಲ್ಲಿ ಇವತ್ತು ಕುಂಬಳಕಾಯಿ ಹೆಚ್ಚುವುದಿದೆ.

ಮಾರ್ಚ್ 16, ಭಾನುವಾರ

ಪಕ್ಕದ ಕಟ್ಟಡದಲ್ಲಿ ಕಳ್ಳತನ. ಒಂಟಿ ಹೆಂಗಸಿನ ಮನೆ. ಹಗಲಲ್ಲೇ ಬಾಗಿಲು ಮೀಟಿ ಟಿವಿ, ಗ್ಯಾಸ್ ಸಿಲಿಂಡರು ಎರಡನ್ನೂ ಹೊತ್ತುಕೊಂಡು ಹೋಗಿದ್ದಾರೆ.

ಮಧ್ಯಾಹ್ನ ಕೆಳಮಹಡಿಯ ದೋನ್ಯಾ ನಿಬಿಯಾ ಹತ್ತಿ ಬಂದರು. ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ವಿಧವೆ. ಕಂಕುಳಲ್ಲಿ ಎಂದಿನಂತೆ ಥರ್ಮಾಸು, ಕೈಯಲ್ಲಿ ಒಂದು ಚೀಲ.

"ಮಗಳೇ, ನಿನ್ನ ಮನೇಲಿ ಗಂಡಸಿಲ್ಲ ಅನ್ನೋದು ಈ ಬೀದೀಲಿ ಬೇಕರಿಯವನಿಂದ ಹಿಡಿದು ಅವನ ನಾಯಿವರೆಗೂ ಗೊತ್ತು."

"ಗೊತ್ತಿರಲಿ ಬಿಡಿ. ನನಗೆ ಬೇಕಾಗಿಲ್ಲ."

"ನಿನಗೆ ಬೇಡ ಕಣೇ. ಕಳ್ಳರಿಗೆ ಬೇಕು."

ಚೀಲದಿಂದ ತೆಗೆದರು - ಒಂದು ಜೊತೆ ಬೂಟು, ಕೆಲಸದ ಅಂಗಿ, ಒಂದು ಚಡ್ಡಿ. ಗಂಡ ಎಡಿಸನ್ ಬಂದರಿನಲ್ಲಿ ಮೂಟೆ ಹೊರುತ್ತಿದ್ದವರಂತೆ. ತೀರಿಕೊಂಡು ಎಷ್ಟೋ ವರ್ಷವಾಯಿತು. ಚಡ್ಡಿಯೆಂದರೆ ಅಂತಿಂಥದ್ದಲ್ಲ, ನಾನೂ ಮೈತೆಯೂ ಒಟ್ಟಿಗೆ ಒಳಗೆ ನಿಂತರೂ ಜಾಗ ಮಿಗುತ್ತದೆ.

"ಇದು ಕಟ್ಟಡದ ಆಸ್ತಿ. ಸೋಮವಾರ, ಮಂಗಳವಾರ ನನ್ನ ಹಗ್ಗದ ಮೇಲೆ. ಬುಧವಾರ, ಗುರುವಾರ ನಿನ್ನ ಮೇಲಿನ ಮಹಡಿ ಅಲ್ಬಾ ಮನೇಲಿ, ಅವಳೂ ಒಂಟಿ ಅಲ್ವಾ. ಶುಕ್ರವಾರದಿಂದ ನಿನ್ನ ಪಾಳಿ. ಒಗೆಯೋದೇನೂ ಬೇಡ, ನೀರಲ್ಲಿ ಅದ್ದಿ ಹಾಕು, ಸಾಕು. ಬೂಟು ನಿನ್ನ ಬಾಗಿಲಲ್ಲೇ ಇರಲಿ."

"ಮೂರು ಮನೇಲೂ ಅದೇ ಚಡ್ಡಿ ಕಂಡರೆ ಜನ ಏನಂದುಕೊಳ್ತಾರೆ?"

"ಅಂದುಕೊಳ್ಳಲಿ. ಬದುಕಿದ್ದಾಗ ಪಾಪ, ಅಷ್ಟೆಲ್ಲ ತ್ರಾಣ ಇರಲಿಲ್ಲ ನನ್ನ ಎಡಿಸನ್‌ಗೆ. ಸತ್ತ ಮೇಲಾದರೂ ಹೆಸರು ಬರಲಿ."

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

ಮಾರ್ಚ್ 22, ಶನಿವಾರ

ಹಗ್ಗದ ಮೇಲೆ ಹಾಕಿದ್ದಾಯಿತು. ಗಾಳಿ ತುಂಬಿ ಉಬ್ಬಿದಾಗ ಮೊದಲು ಹೋಗಿ ಬಾಗಿಲ ಚಿಲಕ ನೋಡಿ ಬಂದೆ. ಮನೆಯಲ್ಲಿ ಗಂಡಸಿನ ಬಟ್ಟೆ ನೋಡಿ ಎಷ್ಟು ಕಾಲವಾಗಿತ್ತು. ಆಮೇಲೆ ಅಭ್ಯಾಸವಾಯಿತು.

ಮೈತೆ ಅವನಿಗೆ ಹೆಸರಿಟ್ಟಿದ್ದಾಳೆ. ದೋನ್ ಗೋರ್ದೊ, ಡುಮ್ಮಣ್ಣ ಸಾಹೇಬರು. ಬೆಳಿಗ್ಗೆ ಎದ್ದು ನಮಸ್ಕಾರ ಹೇಳುತ್ತಾಳೆ. "ಅಮ್ಮಾ, ಇವನು ಒಳ್ಳೆಯವನು. ಕಿರುಚೋದೇ ಇಲ್ಲ" ಅಂದಳು.

ಅವಳ ಜಡೆ ಹೆಣೆದೆ.

ಏಪ್ರಿಲ್ 3, ಗುರುವಾರ

ಸಂಬಳ ಬಂತು. ಮಕ್ಕಳ ಭತ್ಯೆಯ ಕಾರ್ಡಿಗೂ ದುಡ್ಡು ಬಿತ್ತು. ಮೈತೆಗೆ ಚಳಿಗಾಲದ ಕೋಟು ತಂದೆ. ನನಗೆ ಏನೂ ತಂದುಕೊಳ್ಳಬಾರದು ಅಂದುಕೊಂಡು, ಕೊನೆಗೆ ರಂಗಿನ ಬಟ್ಟಲೊಂದನ್ನು ತಂದುಕೊಂಡೆ. ಏನಕ್ಕೆ ಅಂತ ಯಾರೂ ಕೇಳಲಿಲ್ಲ. ರೇಡಿಯೊ ಜೋರಾಗಿ ಹಾಕಿ ನೆಲ ಒರೆಸಿದೆ. ಸುಖ ಅಂದರೆ ಇದೇ, ಇನ್ನೇನು ಬೇಕು.

ಏಪ್ರಿಲ್ 11, ಶುಕ್ರವಾರ, ಸಂಜೆ

ಎಡವಟ್ಟಾಯಿತು.

ವಸತಿ ಕಚೇರಿಯ ರೊಸಾನಾ ಬಂದರು. ಬರಬೇಕಿದ್ದದ್ದು ಮುಂದಿನ ಮಂಗಳವಾರ. "ಮುಂದಿನ ವಾರ ಪೂರ್ತಿ ರಜಾ ಅಲ್ವಾ, ಯಾನಿನಾ, ಅದಕ್ಕೇ ಇವತ್ತೇ ಬಂದ್ಬಿಟ್ಟೆ" ಅಂದರು. ಒಳ್ಳೆಯ ಹುಡುಗಿ, ಹೋದ ವರ್ಷ ಈ ಮನೆ ಹುಡುಕಿಕೊಟ್ಟವರೇ ಅವರು. ಬಾಗಿಲಲ್ಲಿ ಬೂಟು ದಾಟಿ ಬಂದರು. ಬಾಲ್ಕನಿಯ ಕಡೆ ನೋಡಿದರು. ಮುಖ ಬದಲಾಯಿತು.

"ಇದು ಯಾರದ್ದು?"

ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಪ್ರಶ್ನೆ... ವಿಲ್ಮಾರ್ ಹೀಗೇ ಕೇಳುತ್ತಿದ್ದ. ಇದು ಯಾರದ್ದು, ಫೋನಿನಲ್ಲಿ ಯಾರು, ಇಷ್ಟು ಹೊತ್ತು ಎಲ್ಲಿ. ಬಾಯಿಗೆ ಮೊದಲು ಏನು ಬರುತ್ತದೋ ಅದನ್ನು ಹೇಳಿ ತಪ್ಪಿಸಿಕೊಳ್ಳುವುದೊಂದೇ ಹತ್ತು ವರ್ಷ ಕಲಿತ ವಿದ್ಯೆ.

"ನಮ್ಮಣ್ಣಂದು" ಅಂದೆ.

"ಅಣ್ಣ ಇಲ್ಲೇ ಇದಾರಾ?"

"ಇಲ್ಲ... ಯಾವಾಗಾದರೂ ಒಮ್ಮೆ..."

"ಒಡಹುಟ್ಟಿದವರು ಯಾರೂ ಇಲ್ಲ ಅಂತ ಅರ್ಜೀಲಿ ಬರೆದಿದೀರಿ."

ಅಷ್ಟರಲ್ಲಿ ಮೈತೆ ಪುಸ್ತಕದಿಂದ ತಲೆಯೆತ್ತಿ, "ಅಣ್ಣ ಅಲ್ಲ, ಅವನು ದೋನ್ ಗೋರ್ದೊ. ಶುಕ್ರವಾರ ಬರ್ತಾನೆ, ಭಾನುವಾರದವರೆಗೂ ಇರ್ತಾನೆ. ಆಮೇಲೆ ದೋನ್ಯಾ ನಿಬಿಯಾ ಮನೆಗೆ ಹೋಗ್ತಾನೆ" ಅಂದಳು.

ರೊಸಾನಾ ಪೆನ್ನು ಮುಚ್ಚಿದರು. "ನಾನು ಕಂಡದ್ದು ಬರೀಲೇಬೇಕು, ಯಾನಿನಾ. ಬೇಜಾರು ಮಾಡ್ಕೋಬೇಡಿ" ಅಂದು ಹೋದರು.

ಏಪ್ರಿಲ್ 23, ಬುಧವಾರ

ರಜಾ ವಾರ ಮುಗಿದದ್ದೇ ಪತ್ರ ಬಂತು. ನೆರವು ತಡೆಹಿಡಿಯಲಾಗಿದೆ. ಮೇ ಆರರಂದು ವಿಚಾರಣೆ. ಮನೆ ಮಾಲೀಕರಿಗೆ ಫೋನು ಮಾಡಿದೆ. ಮುದುಕ ಕೆಟ್ಟವನಲ್ಲ. ಮೇ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತದೆ ಅಂದರು. ಹಾಗಾದರೆ ಮತ್ತೆ ಆಶ್ರಯಧಾಮ, ಸಾಲು ಹಾಸಿಗೆ, ಮೈತೆಗೆ ಮತ್ತೊಂದು ಶಾಲೆ.

ಈ ಮನೆ ಹೋದರೆ ತಡೆಯಲಾರೆ. ಬರೆದೇಬಿಟ್ಟೆ.

ಏಪ್ರಿಲ್ 24, ಗುರುವಾರ

ದೋನ್ಯಾ ನಿಬಿಯಾಗೆ ಹೇಳಿದೆ. ಮೊದಲು ನಕ್ಕರು. ಪತ್ರ ಓದಿದ ಮೇಲೆ ಹಣೆ ಚಚ್ಚಿಕೊಂಡರು. "ನನ್ನಿಂದ ಆಯ್ತಲ್ಲೇ! ಸತ್ತ ಮೇಲೂ ಹೆಂಗಸರ ಬಾಳು ಹಾಳು ಮಾಡೋದು ಬಿಡಲಿಲ್ಲ ನೋಡು ಆ ಮನುಷ್ಯ!"

ಮೇಲಿನ ಅಲ್ಬಾ ಬೇರೆ ದಾರಿ ಹೇಳಿದಳು. "ನನ್ನ ಕಸಿನ್ ಇದಾನೆ, ದೇಹವೂ ದಪ್ಪ. ಅಣ್ಣ ಅಂತ ಕರ್ಕೊಂಡು ಹೋಗು. ಊರಿಂದ ಬಂದು ಹೋದ ಅಂತ ಹೇಳಿದರೆ ಮುಗೀತು."

ಸುಲಭದ ದಾರಿ. ಒಂದು ಗಳಿಗೆ ಮನಸ್ಸಾಯಿತು. ಆದರೆ ಒಂದು ಸುಳ್ಳಿಗೆ ಕೈಕಾಲು ಕೂಡಿಸಿ ಕಚೇರಿಗೆ ನಡೆಸಿಕೊಂಡು ಹೋಗುವುದು... ಆಮೇಲೆ ಅವನನ್ನು ವರ್ಷವಿಡೀ ಸಾಕಬೇಕಾಗುತ್ತದೆ. ಸುಳ್ಳಿನ ಜೊತೆ ಸಂಸಾರ ಮಾಡಿ ಸಾಕಾಗಿದೆ. ನಿಜವನ್ನೇ ಹೇಳುತ್ತೇನೆ ಅಂದೆ.

"ಯಾರು ನಂಬ್ತಾರೆ?" ಅಂದಳು ಅಲ್ಬಾ.

ಅದೂ ಸರಿಯೇ.

ಮೇ 6, ಮಂಗಳವಾರ, ಮಧ್ಯಾಹ್ನ

ಹೋಗಿ ಬಂದೆ. ಮರೆಯುವ ಮುಂಚೆ ಬರೆದಿಡಬೇಕು.

ನನ್ನ ಜೊತೆ ದೋನ್ಯಾ ನಿಬಿಯಾ, ಕಂಕುಳಲ್ಲಿ ಥರ್ಮಾಸು, ಕೈಯಲ್ಲಿ ಅದೇ ಚೀಲ. ಅಲ್ಬಾ ಕೆಲಸಕ್ಕೆ ರಜೆ ಹಾಕಿ ಬಂದಳು. ಒಳಗೆ ರೊಸಾನಾ ಒಂದು ಪಕ್ಕ. ನಡುವೆ ಅವರ ಮೇಲಧಿಕಾರಿ, ಇಬಾರ್ಬುರು. ಐವತ್ತೈದರ ಹೆಂಗಸು, ಬಿಗಿದು ಕಟ್ಟಿದ ಕೂದಲು, ನಗು ಅನ್ನುವುದು ಮುಖದ ಹತ್ತಿರವೂ ಸುಳಿದಂತಿಲ್ಲ.

"ಆ ಬಟ್ಟೆ ಯಾರದ್ದು?"

ಮತ್ತದೇ ಪ್ರಶ್ನೆ. ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ.

"ಯಾರದ್ದೂ ಅಲ್ಲ. ಮನೇಲಿ ಗಂಡಸಿದಾನೆ ಅಂತ ಕಾಣಲಿ ಅಂತ ಹಾಕಿದ್ದು. ಅಣ್ಣಂದು ಅಂದಿದ್ದು ಸುಳ್ಳು. ಹೆದರಿ ಹೇಳಿದೆ. ನನಗೆ ಅಣ್ಣ ಇಲ್ಲ."

"ನನ್ನ ಗಂಡನ ಚಡ್ಡಿ, ಮೇಡಂ!" ಅಂತ ದೋನ್ಯಾ ನಿಬಿಯಾ ಎದ್ದು ನಿಂತು ಚೀಲ ಕೊಡವಿದರು. ಮೇಜಿನ ಮೇಲೆ, ಕಾಗದಗಳ ಮೇಲೆ, ಚಡ್ಡಿ ಹಾಸಿಕೊಂಡು ಬಿತ್ತು. "ಸತ್ತು ಹದಿನೈದು ವರ್ಷ ಆಯ್ತು. ಸ್ಮಶಾನದ ಚೀಟಿ ಬೇಕಾದರೂ ತಂದಿದೀನಿ."

"ವಾರಕ್ಕೆರಡು ದಿನ ನಮ್ಮನೇಲಿರುತ್ತೆ" ಅಂದಳು ಅಲ್ಬಾ. ಹೇಳಿದ ಮೇಲೆ ಕೆಂಪಗಾದಳು.

ರೊಸಾನಾ ತುಟಿ ಕಚ್ಚಿಕೊಂಡು ಕಿಟಕಿ ನೋಡಿದರು. ಇಬಾರ್ಬುರು ನಗಲಿಲ್ಲ. ಚಡ್ಡಿಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ, ಕೆಳಗಿದ್ದ ಕಾಗದ ಎಳೆದುಕೊಂಡು ಓದಿದರು. ಆಮೇಲೆ ನನ್ನನ್ನು ಕೇಳಿದರು:

"ಹಗ್ಗ ಬೀದಿ ಕಡೆಗೋ, ಒಳಗಡೆಗೋ?"

"ಬೀದಿ ಕಡೆಗೆ."

"ಹೂಂ. ಒಳಗಡೆ ಹಾಕಿದ್ರೆ ಪ್ರಯೋಜನ ಇಲ್ಲ." ಏನೋ ಬರೆದುಕೊಂಡರು. "ಬೂಟಿಗೆ ಮಣ್ಣು ಹಚ್ಚಿದೀರಾ?"

"ಇಲ್ಲ..."

"ಆಗಾಗ ಹಚ್ಚಬೇಕು. ಜಾಗಾನೂ ಬದಲಾಯಿಸ್ತಾ ಇರಬೇಕು. ಒಂದೇ ಕಡೆ ತಿಂಗಳುಗಟ್ಟಲೆ ಕೂತಿರೋ ಬೂಟನ್ನ ಕಳ್ಳನೂ ನಂಬೋದಿಲ್ಲ."

ಆ ಹೆಂಗಸಿನ ಬಾಗಿಲಲ್ಲೂ ಯಾರೂ ಹಾಕಿಕೊಳ್ಳದ ಒಂದು ಜೊತೆ ಬೂಟಿದೆ ಅನ್ನುವುದು ನಮ್ಮೆಲ್ಲರಿಗೂ ಒಟ್ಟಿಗೇ ಹೊಳೆಯಿತು. ದೋನ್ಯಾ ನಿಬಿಯಾ ಮೆಲ್ಲನೆ ಕೂತರು, ಥರ್ಮಾಸು ತೆರೆದು, ಯೆರ್ಬಾ ಬಟ್ಟಲು ತುಂಬಿಸಿ ಅವರ ಮುಂದೆ ಇಟ್ಟರು. ಇಬಾರ್ಬುರು ಕುಡಿದು ಬಟ್ಟಲು ವಾಪಸ್ ಕೊಟ್ಟರು.

"ನನಗೆ ಅನುಮಾನ ಇಲ್ಲ. ಆದರೆ ಕಡತಕ್ಕೆ ನನ್ನ ನಂಬಿಕೆ ಸಾಲದು. ಇನ್ನೊಂದು ಸಲ ಮನೆ ನೋಡಬೇಕು. ಹೇಳದೆ ಬರ್ತೀವಿ."

ಹೊರಗೆ ಬಂದ ಮೇಲೆ ಮೂವರೂ ಬಸ್ ಸ್ಟಾಪಿನಲ್ಲಿ ಹುಚ್ಚು ಹಿಡಿದವರಂತೆ ನಕ್ಕೆವು. ನಡುವೆ ನನಗೆ ಅಳುವೂ ಬಂತು. ದೋನ್ಯಾ ನಿಬಿಯಾ ಚಡ್ಡಿಯಲ್ಲೇ ಕಣ್ಣೊರೆಸಿದರು.

ಮೇ 15, ಗುರುವಾರ

ಯಾರೂ ಬರಲಿಲ್ಲ. ಮನೆ ಫಳಫಳ ಹೊಳೆಯುತ್ತಿದೆ. ಒರೆಸಲು ಇನ್ನೇನೂ ಉಳಿದಿಲ್ಲ. ಕೂತು ಮೈತೆಯ ಶಾಲೆಯ ಅಂಗಿಗೆ ಹೊಲಿಗೆ ಹಾಕಿದೆ.

ಮೇ 21, ಬುಧವಾರ

ರೊಸಾನಾ ಬಂದರು. ಬೀರು ತೆರೆದರು, ಬಚ್ಚಲು ನೋಡಿದರು. ಎರಡು ಹಲ್ಲುಜ್ಜುವ ಬ್ರಷ್ಷು, ಒಂದು ಚಿಕ್ಕದು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಹೊರಡುವಾಗ ಬಾಲ್ಕನಿಯಿಂದ ಕತ್ತು ಚಾಚಿ ಮೇಲೆ ನೋಡಿದರು. ಅಲ್ಬಾಳ ಹಗ್ಗದ ಮೇಲೆ ಸಾಹೇಬರು ಗಾಳಿ ಕುಡಿದು ಉಬ್ಬಿದ್ದರು.

"ಬುಧವಾರ ಅಲ್ವಾ" ಅಂದರು ರೊಸಾನಾ. ಈ ಸಲ ನಗು ತಡೆಯಲಾಗಲಿಲ್ಲ ಅವರಿಗೆ.

ಮೇ 29, ಗುರುವಾರ, ಸಂಜೆ

ಪತ್ರ ಬಂತು! ನೆರವು ಇನ್ನೊಂದು ವರ್ಷ. ನಿಂತಿದ್ದ ತಿಂಗಳದ್ದೂ ಸೇರಿಸಿ ಕಟ್ಟುತ್ತಾರಂತೆ. ಮಾಲೀಕರಿಗೆ ಫೋನು ಮಾಡಿದೆ, "ಸರಿ ಬಿಡಮ್ಮ, ನಲ್ಲಿ ಸೋರುತ್ತೆ ಅಂದಿದ್ದೆಯಲ್ಲ, ಬಂದು ನೋಡ್ತೀನಿ" ಅಂದರು. ಪತ್ರದಲ್ಲಿ ಕುಟುಂಬದ ಮುಖ್ಯಸ್ಥರು ಅನ್ನುವ ಕಡೆ ನನ್ನ ಹೆಸರಿದೆ. ಮೈತೆಗೆ ತೋರಿಸಿದೆ. "ಅದು ಗೊತ್ತಿರೋದೇ ಅಲ್ವಾ" ಅಂದಳು.

ಇವತ್ತು ಇಪ್ಪತ್ತೊಂಬತ್ತು. ಊರೆಲ್ಲ ನ್ಯೋಕಿ ಅನ್ನುವ ಆಲೂಗಡ್ಡೆಯ ಪುಟ್ಟ ಕಡುಬು ಮಾಡುವ ದಿನ, ಕೈಯಲ್ಲಿ ದುಡ್ಡು ಉಳಿಯಲಿ ಅಂತ ತಟ್ಟೆಯ ಕೆಳಗೆ ಒಂದು ನಾಣ್ಯ ಇಟ್ಟು ಉಣ್ಣುವ ದಿನ. ನಾನೂ ಹಿಟ್ಟು ನಾದಿದ್ದೇನೆ. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಜನರನ್ನು ಊಟಕ್ಕೆ ಕರೆದಿದ್ದೇನೆ. ದೋನ್ಯಾ ನಿಬಿಯಾ ಆಗಲೇ ಬಂದು ಸಾಸಿಗೆ ಉಪ್ಪು ಕಡಿಮೆ ಅಂತ ಗೊಣಗುತ್ತಿದ್ದಾರೆ. ಅಲ್ಬಾ ತಟ್ಟೆ ತರಲು ಮೇಲೆ ಹೋದಳು. ಶಾಲೆಯ ಅಡುಗೆಮನೆಯ ಸುಲ್ಮಾ ಮಕ್ಕಳನ್ನು ಕಟ್ಟಿಕೊಂಡು ಬರುವವಳಿದ್ದಾಳೆ.

ಬಂದಳು. ಬೀದಿಯಿಂದ ಕೂಗುತ್ತಿದ್ದಾಳೆ. ಕೆಳಗಿನ ಕರೆಗಂಟೆ ಕೆಟ್ಟು ಎಷ್ಟೋ ಕಾಲವಾಯಿತು. ಈ ಬೀದಿಯಲ್ಲಿ ಎಲ್ಲರೂ ಬೀಗದಕೈಯನ್ನು ಕಾಲುಚೀಲಕ್ಕೆ ಹಾಕಿ ಬಾಲ್ಕನಿಯಿಂದ ಎಸೆಯುತ್ತಾರೆ, ಬಂದವರು ತೆರೆದುಕೊಂಡು ಬರುತ್ತಾರೆ. ನಾನು ಮಾತ್ರ ಎಸೆದಿಲ್ಲ. ವಿಲ್ಮಾರನ ಮನೆಯಲ್ಲಿ ಬೀಗದಕೈ ಅವನ ಜೇಬಿನಲ್ಲೇ ಇರುತ್ತಿತ್ತು. ಕಸ ಹಾಕಿ ಬರಲೂ ಕೇಳಬೇಕಿತ್ತು. ಇಲ್ಲಿಗೆ ಬಂದ ಮೇಲೆ ನನ್ನ ಬೀಗದಕೈ ಯಾರ ಕೈಗೂ ಕೊಟ್ಟವಳಲ್ಲ. ಯಾರೇ ಬರಲಿ, ನಾನೇ ಮೆಟ್ಟಿಲಿಳಿದು ಹೋಗಿ, ಮುಖ ನೋಡಿ, ತೆರೆಯುತ್ತಿದ್ದೆ.

"ಯಾನಿನಾ! ಎಸಿಯೇ ಬೀಗದಕೈ! ಮಕ್ಕಳಿಗೆ ಚಳಿ!"

ಮೈತೆ ಆಗಲೇ ತನ್ನ ಒಂದು ಕಾಲುಚೀಲ ಬಿಚ್ಚಿ ಹಿಡಿದು ನಿಂತಿದ್ದಾಳೆ. ಕೊಡಮ್ಮ, ಕೊಡಮ್ಮ ಅನ್ನುತ್ತಿದ್ದಾಳೆ. ತಡಿ, ಇದನ್ನು ನಾನೇ ಎಸೆಯ—